ತಿಂಗಳಿಗೊಂದು ಹಾಳಿ

ಬಾ ಫಕೀರೇಶ, ಕೂಡು. ಅಂಟಿನ ಬೋಗುಣಿ ಅತ್ತಾಗ ಸರಿಸು.
ಎಪ್ರಿಲ್, ಮೇ, ಎರಡು ತಿಂಗಳು
ಈ ಬೆಟಗೇರಿ ಓಣ್ಯಾಗ ನನ್ನ ಜೋಡಿ ಕುಂತು
ನೋಟ್‌ಬುಕ್ಕಿಗೆ ರಟ್ಟು ಹಚ್ಚೀದಿ,
ಬೆರಳ ಸಂದ್ಯಾಗ ಇನ್ನೂ ಅಂಟೈತಿ ನೋಡು.
ಎಣಿಸ್ಕೋ: ಆರು ಸಾವಿರದ ನಾಕುನೂರು.
ಹದಿನಾರು ವರ್ಷಕ್ಕ ಇಷ್ಟು ರೊಕ್ಕ
ನಿಮ್ಮಪ್ಪನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.
ಹೆಸರು ನೋಡಿದ್ರ ಫಕೀರ!

ನಿನ್ನ ಗೆಳೆಯಾ, ಆ ಮುತ್ತು, ಏನಂತಾನ?
ಮೂರು ತಿಂಗಳಿಗೆ ದುಪ್ಪಟ್ಟಂತ?
ಮೊಬೈಲಿನ್ಯಾಗ ಒಂದು ಗ್ರೂಪು ಐತಂತ?
ಇರಲಿ. ಬೈಯೂದಿಲ್ಲ.
ನಾನೂ ಒಂದು ದುಪ್ಪಟ್ಟಿನ ಬೆನ್ನ ಹತ್ತಿದಾಕಿನ.
ಅಂಬೂಬಾಯಿ ಭಿಶಿ: ಇಪ್ಪತ್ತು ಮಂದಿ, ತಿಂಗಳಾ ಸಾವಿರ,
ಕಡೀಕ ಎತ್ತಿದಾಕಿಗೆ ದುಪ್ಪಟ್ಟು.
ಇಪ್ಪತ್ತನೇ ತಿಂಗಳು ನನ್ನ ಪಾಳಿ ಇತ್ತು,
ಹತ್ತೊಂಬತ್ತರಾಗ ಆಕಿ ಬಾಗಿಲಿಗೆ ಕೀಲಿ.
ಕೀಲಿ ಮ್ಯಾಲ ಒಂದು ಗುಬ್ಬಿ ಕುಂತಿತ್ತು, ನೆನಪೈತಿ,
ನಾನು ಗುಬ್ಬಿನ್ನ ಬೈದು ಬಂದೆ.

ಮೂವತ್ತೊಂದು ವರ್ಷ ಕಿರ್ದಿ ಹೊಲದೀನಿ.
ದಲಾಲಿ ಅಂಗಡಿ ಕಿರ್ದಿ, ಸೊಸೈಟಿ ಕಿರ್ದಿ, ಕಟಗಿ ಅಡ್ಡಾದ ಕಿರ್ದಿ,
ಮಂದಿ ಲೆಕ್ಕಕ್ಕೆಲ್ಲ ಬೆನ್ನು ಕಟ್ಟಿದಾಕಿ,
ನನ್ನ ಲೆಕ್ಕ ಮಾತ್ರ ಸೆರಗಿನ ತುದಿಯಾಗ ಗಂಟು.
ಇಂಥಾಕಿ ಮಾತು ಯಾಕ ಕೇಳಬೇಕು ಅಂದ್ಯಾ?
ಎಡವಿದಾಕಿನ್ನ ಕೇಳಬೇಕಪಾ,
ತಗ್ಗು ಎಲ್ಲಿ ಐತಿ ಆಕಿಗೇ ಗೊತ್ತು.

ನಾಳಿ ಸೋಮವಾರ. ಬ್ಯಾಂಕಿಗೆ ಹೋಗೂಣು.
ಫಾರ್ಮಿನ್ಯಾಗ ಪಾಲಕರು ಅಂತ ಒಂದು ಗೆರಿ ಇರತೈತಿ,
ಅಲ್ಲಿ ಅತ್ತಿ ಸಹಿ ನಡ್ಯಾಂಗಿಲ್ಲ, ನಿಮ್ಮವ್ವಂದ ಬೇಕು.
ನಾ ಬರೇ ಪೆನ್ನು ಹಿಡಕೊಂಡು ನಿಂದರ್ತೀನಿ.
ತಿಂಗಳಿಗೆ ಐದುನೂರು. ನೀ ಮರತರೂ ಅದು ತಾನ ಹೋಗತೈತಿ,
ಐವತ್ತು ಕಂಪನೀದು ಚೂರು ಚೂರು ಸೇರಿಸಿ ಹೊಲದ ಫಂಡು,
ಒಂದು ಹಾಳಿ ಹರದ್ರ ಪುಸ್ತಕ ಹರಿಯೂದಿಲ್ಲ.
ಮೇಡಂ ಬಿಡಿಸಿ ಹೇಳ್ತಾರ, ಪೂರಾ ಕೇಳ್ಕೋ.
ತಿಳೀದಿದ್ರ ಸಹಿ ಮಾಡಬ್ಯಾಡ ಅನ್ನು ನಿಮ್ಮವ್ವಗ.

*

ದೀಪಾವಳಿ ಮುಂದ ಓಡಿ ಬಂದಿ, ಚಪ್ಪಲಿ ಸೈತ ಬಿಡದ.
ಅತ್ತಿ, ಹಾಕಿದ್ದು ಎರಡು ಸಾವಿರ,
ಸಾವಿರದ ಎಂಟುನೂರ ಹತ್ತು ತೋರಸ್ತೈತಿ!
ತಗದಬಿಡ್ಲೇನು?

ಆಗಷ್ಟ ಒಂದು ಕಿರ್ದಿ ಕಲ್ಲಿನ ಕೆಳಗ ಇಟ್ಟಿದ್ದೆ.
ತಗಿ, ಬಿಚ್ಚಿ ನೋಡು, ಅಂದೆ. ಬಿಚ್ಚಿದಿ.
ಬೆನ್ನು ಚರ್ರಂತ ಬಿಟ್ಟು ಹಾಳಿ ನಿನ್ನ ಕಾಲಾಗ ಬಿದ್ದವು.
ಗಾಣಿಗೇರ ಅಂಗಡೀದು, ನೂರಾ ಇಪ್ಪತ್ತರ ಕಿರ್ದಿ.
ನಿನಗ ಕಲಿಸಾಕ ಹೋಗಿ ನಾ ಕೊಟ್ಟ ಫೀ ಅದು.
ರಾತ್ರಿ ಕುಂತು ಮತ್ತ ಹೊಲದೆ.

ಏರತೈತಿ ಅಂತ ನಾ ಆಣಿ ಮಾಡಾಂಗಿಲ್ಲ, ಫಕೀರೇಶ.
ಪ್ಯಾಟಿ ಏನು ಮನಿ ಆಕಳಲ್ಲ, ಹೊತ್ತಿಗೆ ಸರಿಯಾಗಿ ಹಾಲು ಕೊಡಾಕ.
ನನಗ ಗೊತ್ತಿರೂದು ಇಷ್ಟ:
ಹಸಿ ಇದ್ದಾಗ ಬಿಚ್ಚಬಾರದು.
ಎಷ್ಟು ದಿನಕ್ಕ ಒಣಗತೈತಿ, ಅಂದಿ.
ನನಗಿಂತ ಹೆಚ್ಚು ದಿನಕ್ಕ, ಅಂದೆ.
ನಗಸಾಕ ಅಂದಿದ್ದೆ. ನೀ ನಗಲಿಲ್ಲ.

*

ಇಕಾ, ಇದು ನಿಂದು. ಖಾಕಿ ಬಟ್ಟಿ ಬೆನ್ನು, ಕೆಂಪು ಮೂಲಿ.
ತಿಂಗಳಿಗೊಂದು ಹಾಳಿ,
ಮೂವತ್ತು ವರ್ಷಕ್ಕ ಮುನ್ನೂರಾ ಅರವತ್ತು.
ಏರಿದ್ರೂ ಬರಿ, ಇಳದ್ರೂ ಬರಿ,
ಆ ತಿಂಗಳು ಏನು ತಿಂದಿ ಅದನ್ನೂ ಬರಿ.
ಹದಿನೆಂಟು ತುಂಬಿದ ದಿನ ಸಹಿ ನಿನ್ನ ಕೈಗೆ ಬರತೈತಿ,
ಆ ಹಾಳಿಗೆ ಬೇಕಾದ್ರ ಅರಿಷಿಣ ಹಚ್ಚು.

ಇಷ್ಟು ದಪ್ಪಾ! ಅಂತ ಕೈಯಾಗ ತೂಗಿದಿ.
ಮೊದಲನೇ ಹಾಳ್ಯಾಗ, ಓರಿ ಅಕ್ಷರದಾಗ, ಬರದಿ:
ಜುಲೈ. ಐದುನೂರು.
ಗಿರಮಿಟ್ಟು, ಎರಡು ಪ್ಲೇಟು. ಒಂದು ಅತ್ತಿಗೆ.

ಒಂದೆರಡು ಹಾಳಿ ಹೆಚ್ಚ ಬಂದಿರಬೇಕು.
ಎಣಿಸೂ ಮುಂದ ಕರೆಂಟು ಹೋಗಿತ್ತು.