ಹರಿಯೋ ಹೊಲಿಗಿ

ನಾಲ್ವತ್ತು ವರ್ಷ ಕಾಲಿನ ಅಳತಿ ತಗೊಂಡ ಕೈ ಇದು.
ಮೈಂದರ್ಗಿ ಬಸ್ ಸ್ಟ್ಯಾಂಡ್ ಎದುರು, ಬೇವಿನ ಬುಡಕ,
ಮಂದಿಯ ಮೊಣಕಾಲಿನ ಮ್ಯಾಲ ಹೋಗಿದ್ದೇ ಇಲ್ಲ.
ಕೊರಳು ಇದೇ ಮೊದಲು. ಅದೂ ತ್ವಾಳದ ಕೊರಳು.

ಪುಣೇದಿಂದ ಬಂದ ಗಾರ್ಗಿ ಬಾಯಿ ಚೀಟಿ ಕೊಟ್ಟಳು:
ಸುತ್ತಳತಿ ಹದಿನೈದು ಇಂಚು, ತೂಕ ಅರ್ಧ ಕಿಲೋದೊಳಗ,
ಎರಡು ಬೆರಳು ಆಡುವಷ್ಟು ಸಡಲ.
"ಯಾರ ಬೆರಳು?" ಅಂದೆ.
ತನ್ನ ಕೈ ನೋಡಿಕೊಂಡಳು, ನನ್ನ ಕೈ ನೋಡಿದಳು,
ಚೀಟಿ ಹೊಳ್ಳಿ ಇಸಕೊಂಡಳು.

ಚಪ್ಪಲ್ ಕಚ್ಚಿದರ ಗಿರಾಕಿ ಬಂದು ಬೈತಾನ,
ಬೈಸಿಕೊಂಡು ಒಂದೇಟು ಬಡದು ಕೊಡ್ತೀನಿ.
ಪಟ್ಟಿ ಕಚ್ಚಿದರ ತ್ವಾಳ ಯಾರ ಹಂತ್ಯಾಕ ಹೋಗಬೇಕು?

ಅದಕ್ಕ ನಾನೇ ಹಾಕ್ಕೊಂಡು ಮಲಗಿದೆ, ಮೂರು ರಾತ್ರಿ.
ಚರ್ಮದ್ದು ಬೆವತು ಬಿರಸಾತು.
ಗಿರಣಿ ಬೆಲ್ಟಿಗೆ ಒಳಗ ಕಂಬಳಿ ತುಂಡು ಹಚ್ಚಿದರ
"ತ್ವಾಳಕ್ಕ ಕುರಿ ಉಣ್ಣಿ ಹೊದಸ್ತೀ ಏನೋ" ಅಂತ
ಮೊನ್ನೆ ಮರಿ ಕಳಕೊಂಡ ಬೀರಪ್ಪ.
ಹೆಂಡತಿ ಅಂದ್ಳು, "ಈಗರೆ ನೀವು ಎಲ್ಲೆಲ್ಲಿ ಹೋಗ್ತೀರಿ ತಿಳೀತದ."
ಕಲ್ಲಬಾನಿಗೆ ಬಾಯಿ ಹಚ್ಚಿ ನೀರು ಕುಡದು ನೋಡಿದೆ:
ಬಗ್ಗಿದಾಗ ಡಬ್ಬಿ ದವಡಿಗೆ ಬಡೀತು.
ಅರ್ಧ ಇಂಚು ಇಳಿಸಿದೆ, ಅಂಚು ಕೆತ್ತಿದೆ,
ಕೂಸಿನ ಉಗುರು ತಗೀತಾರಲ್ಲ, ಹಂಗ.

ಎಲ್ಲಾ ಆದ ಮ್ಯಾಲ ಆಕಿ ಅಂದದ್ದು:
"ಕಾಕಾ, ಒಂದು ಕಡಿ ಹೊಲಿಗಿ ಕಚ್ಚಾ ಇರಲಿ.
ವರ್ಷ ತುಂಬೂದ್ರಾಗ ತಾನೇ ಹರದು ಬೀಳಬೇಕು."

ಹರದರ ಮಾನ ಹೋತು ಅಂತ
ಮೇಣ ಹಚ್ಚಿ ಹಚ್ಚಿ ಕಲಿಸಿದ್ದ ನಮ್ಮಪ್ಪ.
ಆ ರಾತ್ರಿ ಮೇಣ ಇಲ್ಲದ ಹತ್ತಿ ನೂಲು ಹಿಡಕೊಂಡು
ಎಷ್ಟೊತ್ತು ಕುಂತೆನೋ.
ಎಣಿಸಿ ಒಂಬತ್ತು ಹಾಕಿದೆ.
ಕೈ ಹತ್ತನೇದಕ್ಕ ಹೋಗಿತ್ತು, ತಡದೆ.

ಹತ್ತು ತಿಂಗಳಿಗೇ ಹರೀತು.
ಬೀರಪ್ಪನೇ ಮಾಳದ ಹುಲ್ಲಾಗ ಸಿಕ್ಕದ್ದನ್ನ
ಕೋಲಿಗೆ ಸಿಗಿಸಿ ತಂದ, ಮುಟ್ಟಲಿಲ್ಲ.
ಬಾಯಿಗೆ ಬ್ಯಾಸರ, ಎರಡು ತಿಂಗಳ ಲೆಕ್ಕ ಹೋತಲ್ಲ ಅಂತ.
ನಾನು ಒಳಮೈ ಹೊಳ್ಳಿಸಿದೆ.
ರಕ್ತ ಇಲ್ಲ. ಕೀವಿನ ಕಲಿ ಇಲ್ಲ.
ನಾಕು ಕೂದಲ, ಕಂದು, ತುದಿ ಕರದು.
ಮೂಸಿದೆ: ಮಣ್ಣು, ಜಾಲಿ,
ಇನ್ನೇನೋ ಒಂದು, ನನಗ ಹೆಸರು ಬರಲಿಲ್ಲ.

ಇವತ್ತ ಮತ್ತ ಚೀಟಿ ತಂದಾಳ. ಹೆಣ್ಣಂತ. ಹದಿನಾಲ್ಕು.
"ಚಳಿಗಾಲದ ಕೂದಲದ ಮ್ಯಾಲಿನ ಅಳತಿ ಏನ್ರಿ ಇದು,
ಬ್ಯಾಸಿಗಿದೋ?" ಅಂದೆ.
ಫೋನ್ ಹಚ್ಚಿ ಯಾರನ್ನೋ ಕೇಳಾಕತ್ತಾಳ.
ತಡ ಆಗಲಿ.
ನೂಲು ಮಾಳಿಗಿ ಮ್ಯಾಲ ಬಿಸಲಿಗಿಟ್ಟೀನಿ,
ಎಷ್ಟು ದಿನಕ್ಕ ಸವೀತದ ನೋಡಾಕ.