ಗೆರೆಯಲ್ಲಿರುವವರು

ಅರಸೀಕೆರೆ, ರೈಲ್ವೆ ಕ್ವಾರ್ಟರ್ಸು, ಹಳೇ ಕ್ಯಾಲೆಂಡರಿನ ಬೆನ್ನು.
ಸಾರಿನ ಕಲೆ ಬಿದ್ದಲ್ಲಿ ಸಮುದ್ರ
ಎಂದು ತೀರ್ಮಾನವಾಯಿತು.

ಧರಣೇಂದ್ರ ತನ್ನವರಿಗೆ ಬೆಟ್ಟ ಕೊಟ್ಟ:
ಬಳಪದ ಕಲ್ಲಿನ ಮೈಯವರು,
ಹುಟ್ಟುವಾಗ ಮೆತ್ತಗೆ, ಗಾಳಿ ತಾಕಿದಷ್ಟೂ ಗಟ್ಟಿ.
ನನ್ನವರು ಚಿಪ್ಪಿನೂರಿನ ಮುಕ್ಕಣ್ಣರು.
ಮೂರರಲ್ಲಿ ಒಂದೇ ಕಣ್ಣು ತೆರೆಯುತ್ತದೆ,
ಅದೂ ಬಾಯಾರಿದವರು ಚುಚ್ಚಿದರೆ.
ನಡುವಿನ ಹೊಳೆ ಯಾರದೆಂದು ಜಗಳವಾಡಿ
ರಬ್ಬರು ಸವೆಯಿತು, ಕಾಗದ ತೂತಾಯಿತು.

ಫರ್ಹಾನಾ ಏನೂ ಬರೆದಿರಲಿಲ್ಲ.
ಅಪ್ಪ ಪಾಯಿಂಟ್ಸ್‌ಮನ್; ನಾಲ್ಕನೇ ಕ್ಲಾಸಿಗೆ ನಾಲ್ಕನೇ ಊರು.
"ನಮ್ಮೋರಿಗೆ ನಾಡು ಬೇಡ ಕಣ್ರೋ.
ನಿಮ್ಮ ಗಡಿ ಗೆರೆ ಎಷ್ಟು ದಪ್ಪ ಇದ್ಯೋ
ಅಷ್ಟರೊಳಗೇ ಇರ್ತಾರೆ."

ಬೀರೂರಿನ ಗಾಡಿ ಕೂಗಿತು. ಬೆಟ್ಟ ಸ್ವಲ್ಪ ಅಲುಗಿತು.

ಆಮೇಲಿಂದ ಧರಣೇಂದ್ರ
ಎಲ್ಲಿ ಗೆರೆ ಹಾಕಿದರೂ
ಪೆನ್ಸಿಲು ಮಲಗಿಸಿ
ಅಗಲಕ್ಕೆ ಎಳೆಯುತ್ತಿದ್ದ.