ಮೂರು ನೀರು

ಅಂಗಿ ತೋಳು ಮಡಚು, ಟ್ರವಾನ್. ಮೊಣಕೈವರೆಗೆ.
ಸೊಪ್ಪು ತೊಳೆಯೋದು ಬೆರಳ ತುದಿಯ ಕೆಲಸವಲ್ಲ.
ಮೊದಲ ನೀರಿಗೆ ಮಣ್ಣು ಬಿಡುತ್ತೆ,
ಎರಡನೆಯದಕ್ಕೆ ಮರಳು,
ಮೂರನೆಯದಕ್ಕೆ, ಎರಡಕ್ಕೇ ಆಯ್ತು ಅನ್ನೋರ ಸುಳ್ಳು.
ಸಿಂಕಿನ ತಳ ಕಾಣಬೇಕು, ಬಿಳೀ ತಳ.
ಇಲ್ಲಾಂದ್ರೆ ಊಟದ ಮಧ್ಯೆ ಹಲ್ಲಿಗೆ ಕರಕ್ಕಂತ ಸಿಗುತ್ತೆ
ಸೆಲ್ಮಾದಿಂದಾಚೆಯ ಇಡೀ ಹೊಲ.

ಮಿಸ್ಟರ್ ಪರ್ನೆಲ್ ಬೆಳಿಗ್ಗೆ ಪಿಕಪ್ಪಿನ ಹಿಂಬಾಗಿಲು ಇಳಿಸಿ
ಎರಡು ಕಂತೆ ಕಾಲರ್ಡ್ ಕೊಟ್ಟ, ಒಂದರ ದುಡ್ಡು ತಗೊಂಡ.
ಕ್ಲೀವ್‌ಲ್ಯಾಂಡಿನ ಹುಡುಗ ಬಂದಿದಾನಂತಲ್ಲ, ಅಂದ.
ಹೂಂ ಅಂದೆ. ಊರಿಗೆ ಅಷ್ಟು ಸಾಕು.

ಎಲೆ ನೋಡು,
ಹೆಣ ಹೂಳುವ ಕಂಪನಿಯವರು ಚರ್ಚಿಗೆ ಪುಕ್ಕಟೆ ಹಂಚಿದ
ಬೀಸಣಿಗೆಯಷ್ಟು ಅಗಲ.
ನಡುವಿನ ದಂಟು ಹಿಡಿ, ಇನ್ನೊಂದು ಕೈಲಿ ಸರ್ರನೆ ಎಳೆ.
ನಿಮ್ಮಜ್ಜಿ ಹೀಗೇ ಕಳಚ್ತಿದ್ದಳು:
ರೇಡಿಯೋದ ಪಾದ್ರಿ ಒಂದು ಪಾಪ ಎಣಿಸೋದರೊಳಗೆ
ಇವಳದು ನಾಲ್ಕು ಎಲೆ.
ದಂಟು ಬಿಸಾಡಬೇಡ, ಪಕ್ಕದ ಮನೆ ಕೋಳಿಗಿವೆ.
ಈಗ ಚಾಪೆ ಸುತ್ತಿದ ಹಾಗೆ ಸುತ್ತು, ಹೆಚ್ಚು.
ಅಷ್ಟು ಸಣ್ಣಗಲ್ಲ. ಸೊಪ್ಪು ಅಂತ ಬಾಯಿಗೆ ಗೊತ್ತಾಗಬೇಕು.

ಪಾತ್ರೇಲಿ ಹಂದಿಮಂಡಿ ಎರಡು ಗಂಟೆಯಿಂದ
ತನ್ನ ಹೊಗೆಯನ್ನೆಲ್ಲ ನೀರಿಗೆ ಹೇಳಿಕೊಳ್ತಾ ಇದೆ.
ಈರುಳ್ಳಿ ಕರಗಿದೆ, ಒಣಮೆಣಸು ಮೇಲೆ ತೇಲ್ತಿದೆ.
ಹಾಕು ಸೊಪ್ಪು. ಪೂರಾ ಹಾಕು.
ಅಂಚಿನಿಂದ ಮೇಲೆ ಬಂತು ಅಂತ ಹೆದರಬೇಡ,
ಬೆಟ್ಟದಷ್ಟು ಹೋಗಿ ಬೊಗಸೆಯಷ್ಟಾಗುತ್ತೆ.
ಎಲ್ಲಾ ಹಾಗೇ ಅಂತ ಹೇಳಲ್ಲ ನಾನು.
ಸೊಪ್ಪು ಹಾಗೆ.

ಮುಕ್ಕಾಲು ಗಂಟೆ. ಉರಿ ಜಾಸ್ತಿ ಮಾಡಬೇಡ.
ವಿನೆಗರ್ ಕೊನೆಗೆ, ಉಪ್ಪು ನಾಲಿಗೆಗೆ ಕೇಳಿ.
ಆ ಡಬ್ಬಿ ಕಡೆ ಏನು ನೋಡ್ತೀಯ?
ಏನಂದೆ?

ಒಂಬತ್ತು ದಿನಕ್ಕೆ ಬಾಯಿ ಬಿಟ್ಟ ಮೊದಲ ಮಾತು
ಇದಾ? ‘ಅಮ್ಮ ಸಕ್ಕರೆ ಹಾಕ್ತಾಳೆ.’

ಹಾಕ್ತಾಳೆ. ಗೊತ್ತು.
ಈ ಒಲೆ ಮುಂದೇನೇ ಜಗಳ ಆಗಿದ್ದು,
ಅವಳಿಗೆ ಹತ್ತೊಂಬತ್ತು, ನನಗೆ ಮೂವತ್ತು, ಸೌಟು ಯಾರ ಕೈಲಿತ್ತೋ.
ಮಂಜು ಹೆಪ್ಪುಗಟ್ಟಿದ ರಾತ್ರಿ ಕಂಡ ಎಲೆ
ತನ್ನ ಸಿಹಿ ತಾನೇ ಮಾಡಿಕೊಳ್ಳುತ್ತೆ ಕಣೇ, ಅಂದೆ.
ಮಂಜಿಗೆ ಕಾಯೋಳು ನೀನು, ನಾನಲ್ಲ, ಅಂದಳು.
ಭಾನುವಾರ ಬಸ್ಸು ಹತ್ತಿದಳು.

ಈ ವರ್ಷ ನವೆಂಬರ್ ಮುಗೀತಾ ಬಂತು,
ಕಿಟಕಿ ಗಾಜಿನ ಮೇಲೆ ಒಂದು ಬಿಳಿ ಗೀರೂ ಬಿದ್ದಿಲ್ಲ.
ಅದಕ್ಕೇ. ಬೇರೆ ಏನಕ್ಕೂ ಅಲ್ಲ.
ತಾ ಆ ಡಬ್ಬಿ. ಅರ್ಧ ಚಮಚ.
ಅರ್ಧ ಅಂದೆ ನಾನು.
ಆಯ್ತು ಬಿಡು, ಬಿದ್ದದ್ದು ಬಿತ್ತು.

ಇಲ್ಲಿ ಕೂರು. ಕಾಫಿ ಕಪ್ಪಿಗೆ ಕಟ್ಟು ಬಸಿದು ಕೊಡ್ತೀನಿ,
ಮೆಕ್ಕೆಜೋಳದ ಬ್ರೆಡ್ಡು ಮುರಿದು ಅದ್ದಿಕೊ.
ನೆನೆದು ಮುಳುಗಿದರೆ ಬೆರಳಲ್ಲೇ ತೆಗೆದು ತಿನ್ನು,
ಈ ಮನೇಲಿ ಚಮಚ ಕೇಳೋರು ಯಾರೂ ಇಲ್ಲ.
ಊದಿಕೊಂಡು ಕುಡಿ.
ಕಣ್ಣಿಗೆ ಹಬೆ ಹೊಡೀತು ಅನ್ನು,
ನಾನೂ ಹಾಗೇ ಅಂತೀನಿ.

ಮಾರ್ಗರಿನ್ ಡಬ್ಬಿಯೊಂದು ತೊಳೆದಿಟ್ಟಿದೀನಿ ನೋಡು.
ತುಂಬಿ ಮುಚ್ಚು, ಮುಚ್ಚಳಕ್ಕೆ ಟೇಪು ಹಚ್ಚಿ ಬರಿ: ರೆನೆಟಾ.
ಫ್ರೀಜರಿನಲ್ಲಿರಲಿ,
ಆಸ್ಪತ್ರೆಯವರು ಎಂದು ಬಿಡ್ತಾರೋ ಅಂದಿನವರೆಗೆ.
ಏನಿದು, ಇಷ್ಟು ಸಣ್ಣ ಅಕ್ಷರ?
ದೊಡ್ಡದಾಗಿ ಬರಿ.

ಆಮೇಲೆ ಸಿಂಕಿನ ತಳದ ಮರಳು ಬಳಿದು
ಹಿತ್ತಲಿಗೆ ಹಾಕು, ಪೈಪಿಗೆ ಬಿಟ್ಟೀಯ.
ಅದೂ ಪರ್ನೆಲ್‌ನದೇ,
ಅದಕ್ಕೂ ದುಡ್ಡು ಕೊಟ್ಟಿಲ್ಲ.